ಹೊಸ ಕರಡಿಗೆ

ಹಂಪಿಯ ಹಾಳು ಮಂಟಪಗಳ ನಡುವೆ ಒಮ್ಮೊಮ್ಮೆ ಕುದುರೆಗಳ ಕಾಲಸಪ್ಪಳ ಕೇಳಿಸುತ್ತದೆ ಎಂದು ಕಂಪ್ಲಿಯ ನಮ್ಮ ಸೋದರಮಾವ ಹೇಳುತ್ತಿದ್ದ. ಕಲ್ಲು ಬಂಡೆಯ ಮೇಲೆ ಲಾಳ ಬಡಿದ ಹಾಗೆ, ತೀರ ಹತ್ತಿರದಲ್ಲೇ ಎನ್ನುತ್ತಿದ್ದ. ಆಡು ಇದ್ದೀತು ಮಾವ ಎಂದು ನಾನು ಹೇಳಿ ಬೈಸಿಕೊಳ್ಳುತ್ತಿದ್ದೆ. ನನಗೆ ಧೈರ್ಯ ಹೆಚ್ಚೆಂದು ಯಾರೂ ತಿಳಿಯಬಾರದು. ನಾನು ಹುಟ್ಟಿನಿಂದಲೇ ಚಿಂತೆಯ ಮನುಷ್ಯ. ಬಾಗಿಲ ಅಗಳಿ ಹಾಕಿದೆನೋ ಇಲ್ಲವೋ, ಒಲೆಯ ಕೆಂಡ ಆರಿತೋ ಇಲ್ಲವೋ ಎಂದು ಹಾಸಿಗೆಯಿಂದ ನಾಲ್ಕು ಸಲ ಎದ್ದು ಹೋಗಿ ನೋಡುವವನಿಗೆ ದೆವ್ವಕ್ಕೆ ಹೆದರಲು ಬಿಡುವಾದರೂ ಎಲ್ಲಿಂದ ಬರಬೇಕು? ಹೀಗಾಗಿ ಇಂಥ ಮಾತನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಕ್ಕು ಬಿಡುವುದನ್ನು ಮಾತ್ರ ನಿಲ್ಲಿಸಿದ್ದೇನೆ. ನನ್ನ ಅನುಭವ ನಡೆದದ್ದು ಅಮಾವಾಸ್ಯೆಯ ರಾತ್ರಿಯಲ್ಲಲ್ಲ, ಬೆಳಿಗ್ಗೆ ಏಳು ಗಂಟೆಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ. ಕಥೆ ಹೇಳುವವರಿಗೆ ಅದೊಂದು ಕೊರತೆಯೇ ಸರಿ.

ನಮ್ಮದು ಸಂಡೂರು. ಆ ಕಾಲಕ್ಕೆ ಅದು ಬೇರೆ ಸಂಸ್ಥಾನ. ಸುತ್ತಲೂ ಮದರಾಸು ಸರಕಾರದ ಸೀಮೆ, ನಡುವೆ ಗುಡ್ಡಗಳ ಬಟ್ಟಲಲ್ಲಿ ನಾವು. ನಮ್ಮ ಮನೆತನದಲ್ಲಿ ಕಾಲೇಜಿಗೆಂದು ಮದರಾಸಿಗೆ ಹೋದ ಮೊದಲಿಗ ನಾನು. ಅಲ್ಲಿ ಕಚೇರಿಯ ಗುಮಾಸ್ತ ನನ್ನ ಕಾಗದಗಳನ್ನು ತಿರುವಿ ನೋಡಿ, ಸಂಸ್ಥಾನದ ಪ್ರಜೆಯಾದ್ದರಿಂದ ನಾನು ಪರರಾಜ್ಯದವನೆಂದು ತೀರ್ಮಾನಿಸಿದ. ಸಿಂಹಳ, ರಂಗೂನುಗಳಿಂದ ಬಂದವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದು, ಯಾವ ಹಡಗಿನಲ್ಲಿ ಬಂದೆ ಎಂದು ಕೇಳಿದ. ಎತ್ತಿನ ಗಾಡಿಯಲ್ಲಿ ಎಂದೆ. ಅವನು ನಗಲಿಲ್ಲ. ಬರೆದುಕೊಂಡನೇನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಹೊರಡುವ ದಿನದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಾವು ಲಿಂಗವಂತರು. ಹುಟ್ಟಿದ ಕೆಲವು ದಿನಕ್ಕೆ ಕೊರಳಿಗೆ ಕಟ್ಟಿದ ಇಷ್ಟಲಿಂಗ ಮಣ್ಣಿಗೆ ಹೋಗುವತನಕ ಮೈಮೇಲಿರಬೇಕು. ದಿನವೂ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ತುತ್ತು. ಇದರಲ್ಲಿ ಅವ್ವ ಬಹಳ ಬಿಗಿ. ನನ್ನ ಲಿಂಗವಿದ್ದ ಹಳೆಯ ಕರಡಿಗೆ ಸವೆದು ಮುಚ್ಚಳ ಸಡಿಲಾಗಿತ್ತು. ಮಗ ದೊಡ್ಡ ಪಟ್ಟಣಕ್ಕೆ ಹೋಗುತ್ತಾನೆಂದು ಅವಳು ಹೊಸಪೇಟೆಯ ಅಕ್ಕಸಾಲಿಗನಿಂದ ಬೆಳ್ಳಿಯ ಹೊಸ ಕರಡಿಗೆ ಮಾಡಿಸಿದ್ದಳು. ಹೊರಡುವ ಮುಂಜಾನೆ ದೇವರ ಜಗುಲಿಯ ಮುಂದೆ ಕುಳಿತು ಪೂಜೆ ಮುಗಿಸಿ, ಲಿಂಗವನ್ನು ಹಳೆಯದರಿಂದ ಹೊಸದಕ್ಕೆ ಇಟ್ಟು, ಹೊಸ ದಾರದಲ್ಲಿ ಕೊರಳಿಗೆ ಹಾಕಿಕೊಂಡೆ. ಹೊರಗೆ ಗಾಡಿ ಕಾಯುತ್ತಿತ್ತು. ರೈಲು ತಪ್ಪುತ್ತದೆಂದು ಅಪ್ಪ ಕೂಗುತ್ತಿದ್ದ. ಇಟ್ಟೆ ಎಂದೆನಲ್ಲ, ಇಟ್ಟ ನೆನಪು ನನಗೆ ಸ್ಪಷ್ಟವಾಗಿದೆ.

ಮದರಾಸು ನನಗೆ ಒಗ್ಗಲಿಲ್ಲ. ನಾಲ್ಕೂ ಕಡೆ ಗುಡ್ಡ ಕಾಣುವ ಊರಲ್ಲಿ ಬೆಳೆದವನಿಗೆ ಆ ಊರಿಗೆ ಅಂಚೇ ಇಲ್ಲವೆನ್ನಿಸುತ್ತಿತ್ತು. ಒಂದು ಕಡೆ ಅಂಚಿತ್ತು ನಿಜ, ಅಲ್ಲಿ ಸಮುದ್ರ. ಅದನ್ನು ನೋಡಿದರೆ ಇನ್ನೂ ದಿಗಿಲು. ತಮಿಳು ಬಾರದು. ಟ್ರಾಮು ಹತ್ತಿದರೆ ಅದು ತಪ್ಪು ಟ್ರಾಮೇ ಆಗಿರುತ್ತಿತ್ತು. ತರಗತಿಯಲ್ಲಿ ಮೇಷ್ಟರ ಇಂಗ್ಲಿಷು ಮಳೆಯ ಹಾಗೆ ಸುರಿದು ಹೋಗುತ್ತಿತ್ತು, ನನ್ನ ಕೊಡದಲ್ಲಿ ಒಂದು ಹನಿ ನಿಲ್ಲುತ್ತಿರಲಿಲ್ಲ. ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯನ್ನು ಮುರಿದು ಮುರಿದು ಇಪ್ಪತ್ತು ದಿನ ಎಳೆದೆ. ಅದು ಮುಗಿದ ದಿನ ಊರೇ ಮುಗಿದಂತಾಯಿತು.

ಹೊರರಾಜ್ಯದವರಿಗೆಂದು ಬಿಟ್ಟ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಸಿಂಹಳದ ಯಾಳ್ಪಾಣದ ಹುಡುಗ. ಹೆಸರು ಕುಮಾರಸ್ವಾಮಿ. ಅವನೂ ಶೈವ, ಹೆಸರೋ ನಮ್ಮೂರ ಗುಡ್ಡದ ದೇವರದೇ. ಇದನ್ನು ಕಾಗದದಲ್ಲಿ ಬರೆದಾಗ ಅವ್ವನಿಗೆ ಅರ್ಧ ಚಿಂತೆ ಹೋಯಿತಂತೆ. ಮರ್ಯಾದಸ್ಥ ಹುಡುಗ. ನಾನು ದಿನವೂ ಕಿಟಕಿಯ ಕಡೆ ಮುಖ ಮಾಡಿ ಪೂಜೆಗೆ ಕುಳಿತರೆ ಅವನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತಿರುತ್ತಿದ್ದ. ಹರಕು ಇಂಗ್ಲಿಷ್ ಬಿಟ್ಟರೆ ನಮ್ಮಿಬ್ಬರಿಗೂ ಹೊಂದುವ ಭಾಷೆ ಇರಲಿಲ್ಲ. ಆದ್ದರಿಂದ ಕೇಳಲಾಗದ್ದನ್ನು ಇಬ್ಬರೂ ಕೇಳುತ್ತಿರಲಿಲ್ಲ.

ಆ ಎರಡು ತಿಂಗಳು ನನಗಿದ್ದ ಗಟ್ಟಿ ವಸ್ತುವೆಂದರೆ ಕೊರಳ ಲಿಂಗವೊಂದೇ. ಅಂಗೈಯಲ್ಲಿಟ್ಟರೆ ಮೊದಲು ತಣ್ಣಗೆ, ಆಮೇಲೆ ಮೈಯ ಬಿಸುಪು. ಚಿಕ್ಕಂದಿನಲ್ಲಿ ನಾನು ಅದನ್ನು ಒಮ್ಮೆ ಕೆಡವಿದ್ದರಿಂದ ಕರಿಯ ಲೇಪದ ಅಂಚಿನಲ್ಲಿ ಒಂದು ಸಣ್ಣ ಬಿರುಕಿತ್ತು. ದಿನವೂ ಹೆಬ್ಬೆರಳು ಆ ಬಿರುಕನ್ನು ಹುಡುಕುತ್ತಿತ್ತು, ದಿನವೂ ಅದು ಸಿಗುತ್ತಿತ್ತು. ಮನಸ್ಸು ಮಾತ್ರ ಪೂಜೆಯಲ್ಲಿರುತ್ತಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಹೇಗಾದರೂ ಮಾಡಿ ಊರಿಗೆ ಕಳಿಸು ಎಂಬುದೊಂದೇ ನನ್ನ ಮಂತ್ರ.

ಶ್ರಾವಣದ ಕೊನೆಯ ಸೋಮವಾರ. ಸ್ನಾನ ಮಾಡಿ ಬಂದು, ವಿಭೂತಿ ಧರಿಸಿ, ಕಿಟಕಿಯ ಮುಂದೆ ಕುಳಿತು ಕರಡಿಗೆ ತೆಗೆದೆ. ಬರಿದಾಗಿತ್ತು.

ದಾರ ಹರಿದಿರಲಿಲ್ಲ. ಮುಚ್ಚಳ ಹೊಸದು, ಉಗುರು ಹಾಕಿ ಎತ್ತಬೇಕಾದಷ್ಟು ಬಿಗಿ. ಹಿಂದಿನ ದಿನ ಪೂಜೆ ಮುಗಿಸಿ ಒಳಗಿಟ್ಟವನು ನಾನೇ. ಅಂದಿನಿಂದ ಅದು ಕೊರಳಿಂದ ಇಳಿದಿರಲಿಲ್ಲ. ಹಾಸಿಗೆ ಕೊಡವಿದೆ, ಪೆಟ್ಟಿಗೆ ಬರಿದು ಮಾಡಿದೆ, ನಲ್ಲಿಯ ಕೆಳಗಿನ ಮೋರಿಗೆ ಕೈ ಹಾಕಿದೆ. ಕುಮಾರಸ್ವಾಮಿ ಏನು ಕಳೆಯಿತೆಂದು ಕೇಳಿದ. ಖಾಲಿ ಕರಡಿಗೆ ತೋರಿಸಿದೆ. ಅವನು ಅದನ್ನೂ ನನ್ನನ್ನೂ ನೋಡಿ, ಮಂಚದ ಕೆಳಗೆ ಬಗ್ಗಿ ಹುಡುಕತೊಡಗಿದ. ಅವನ ಹುಡುಕಾಟದಲ್ಲಿ ಅವಸರವಿರಲಿಲ್ಲ. ದುಃಖದ ಮನೆಯಲ್ಲಿ ಜೊತೆಗೆ ಕುಳಿತವರಲ್ಲಿ ಇರುತ್ತದಲ್ಲ, ಅಂಥದೊಂದು ಮರ್ಯಾದೆಯಿತ್ತು. ಆಗ ನನಗೆ ಅದು ಅರ್ಥವಾಗಲಿಲ್ಲ.

ಲಿಂಗವಿಲ್ಲದೆ ಉಣ್ಣುವ ಹಾಗಿಲ್ಲ. ಸೋಮವಾರ ಉಣ್ಣಲಿಲ್ಲ, ಮಂಗಳವಾರವೂ ಇಲ್ಲ. ಮನೆಗೆ ಬರೆಯಲು ಕೂತರೆ ಕೈ ನಡೆಯಲಿಲ್ಲ. ಕಳೆದೆನೆಂದು ಬರೆದರೆ ಅವ್ವ ಏನಾಗುತ್ತಾಳೋ. ಬುಧವಾರ ಸಂಜೆ ಊಟದ ಮನೆಯಿಂದ ಸಾರಿನ ವಾಸನೆ ಬಂತು. ಎದ್ದು ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮೂರನೆಯ ಸಲಕ್ಕೂ ಎಲೆ ಖಾಲಿ ಮಾಡಿಟ್ಟಿದ್ದೆ, ಬಡಿಸುವವನು ಈ ಕಡೆ ಬರಲಿಲ್ಲ. ನನ್ನ ನಿಷ್ಠೆಯ ಉದ್ದ ಎರಡೂವರೆ ದಿನ.

ಗುರುವಾರ ಅಪ್ಪನ ತಂತಿ ಬಂತು. ಕೂಡಲೇ ಹೊರಟು ಬಾ ಎಂದಷ್ಟೇ ಇತ್ತು. ಯಾರು ಸತ್ತರೆಂದು ಗುಂತಕಲ್ಲಿನತನಕ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಸಾಯಿಸುತ್ತ ಬಂದೆ. ಹೊಸಪೇಟೆಯ ಸ್ಟೇಷನ್ನಿನಲ್ಲಿ ಸೋದರಮಾವ ನಿಂತಿದ್ದ. ಎಲ್ಲರೂ ಇದ್ದಾರೆಯೇ ಎಂದು ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ಲೇ, ಕೊರಳಾಗ ಏನೈತಿ, ತೋರ್ಸು."

ನಾನು ಕರಡಿಗೆ ತೆಗೆದು ಕೊಟ್ಟೆ. ಅವನು ಮುಚ್ಚಳ ಎತ್ತಿ ನೋಡಿದ, ಮತ್ತೆ ಮುಚ್ಚಿ ನನ್ನ ಕೈಯಲ್ಲಿಟ್ಟ. ಕುದುರೆಗಳ ಕಥೆ ಹೇಳುವ ಮಾವ ನನ್ನನ್ನು ಗಾಡಿ ಹತ್ತಿಸಿ ತಾನೇ ಎತ್ತು ಹೊಡೆದ. ಗುಡ್ಡಗಳ ನಡುವಿನ ಗಂಡಿಯ ಕೆಂಪು ಧೂಳಿಗೆ ಬಂದ ಮೇಲೆ, ಎತ್ತುಗಳನ್ನು ನೋಡುತ್ತಲೇ ಸಂಗತಿ ತಿಳಿಸಿದ. ಅವನ ಮಗಳಿಗೆ ಕೂಸು ಹುಟ್ಟಿತ್ತು. ಕೂಸಿಗೆ ಲಿಂಗ ಕಟ್ಟುವುದಕ್ಕೆ ನನ್ನ ಹಳೆಯ ಕರಡಿಗೆಯನ್ನು ತಿಕ್ಕಿಸಿ ಕೊಡೋಣವೆಂದು ಅವ್ವ ಸೋಮವಾರ ಮುಂಜಾನೆ ಜಗುಲಿಯಿಂದ ಅದನ್ನು ತೆಗೆದಳಂತೆ. ಸಡಿಲ ಮುಚ್ಚಳ ತಾನೇ ಜಾರಿತು. ಒಳಗೆ ನನ್ನ ಲಿಂಗ. ಅದರ ಮೇಲೆ ನಾನು ಹೊರಟ ದಿನ ಏರಿಸಿದ ಬಿಲ್ವಪತ್ರೆ, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

"ನಿಮ್ಮವ್ವ ಅವತ್ತಿಂದ ನೀರು ಬಿಟ್ರ ಏನೂ ಮುಟ್ಟಿಲ್ಲ," ಎಂದ ಮಾವ. "ಅದು ನಿನ್ನ ಮೈಮ್ಯಾಲೆ ಬರೋತನ ಮುಟ್ಟಂಗಿಲ್ಲಂತ. ನಾವು ಹೇಳೋದೆಲ್ಲಾ ಹೇಳಿದ್ವಿ."

ಅದು ಶನಿವಾರ. ನಾನು ಬೆರಳು ಎಣಿಸಿದೆ. ಆರು ದಿನ.

ಅವ್ವ ಒಳಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಚಿಕ್ಕದಾಗಿತ್ತು, ತುಟಿ ಒಡೆದಿತ್ತು. ಬಲಗೈ ಮುಷ್ಟಿ ಬಿಗಿದು ಎದೆಗೆ ಒತ್ತಿಕೊಂಡಿದ್ದಳು. ಯಾರ ಮೈಯ ಬಿಸುಪೂ ಇಲ್ಲದೆ ಲಿಂಗ ಒಂದೇ ಇರಬಾರದೆಂದು ಆರು ದಿನವೂ ಹಾಗೆಯೇ ಹಿಡಿದಿದ್ದಳಂತೆ. ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನನ್ನ ಅಂಗೈಗೆ ಬಂದದ್ದೇ ತಡ, ಹೆಬ್ಬೆರಳಿಗೆ ಬಿರುಕು ಸಿಕ್ಕಿತು. ಅದೇ ಬಿರುಕು. ಹಿಂದಿನ ಭಾನುವಾರ ಮದರಾಸಿನ ಕಿಟಕಿಯ ಮುಂದೆ ಸಿಕ್ಕಿದ್ದೂ ಅದೇ.

ಕೊರಳಿಗೆ ಹಾಕಿಕೊಂಡ ಮೇಲೆ ಅವ್ವ ಕೇಳಿದಳು.

"ಎರಡು ತಿಂಗಳು ಉಂಡ್ಯೇನು?"

"ಉಂಡೆ ಅವ್ವ. ಪೂಜಿ ಮಾಡೇ ಉಂಡೆ."

"ಯಾವುದಕ್ಕ ಮಾಡಿದಿ?"

ಇದಕ್ಕೇ ಎಂದೆ. ದಿನಾ ಕೈಯಲ್ಲಿ ಹಿಡಿದಿದ್ದೇನೆ, ಈ ಬಿರುಕು ಮುಟ್ಟಿ ನೋಡಿದ್ದೇನೆ, ಸೋಮವಾರ ನೋಡಿದರೆ ಇರಲಿಲ್ಲ ಎಂದೆ. ಆಣೆ ಮಾಡಿದೆ. ಅಪ್ಪ ಎದ್ದು ಹೊರಗೆ ಹೋದ. ಅವ್ವನಿಗೆ ಸಿಟ್ಟು ಬಂದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಸಿಟ್ಟೇ ಬರಲಿಲ್ಲ.

"ಸುಳ್ಳು ಹೇಳಬ್ಯಾಡ ತಮ್ಮಾ. ಮರೆತು ಹೋಗಿದ್ದೆ, ಹಸಿವಾತು, ಉಂಡೆ ಅನ್ನು. ನಾ ಏನೂ ಅನ್ನಂಗಿಲ್ಲ."

ಹಾಗೆ ಅಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ನಡೆಯದ್ದನ್ನು ನಡೆಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬುಧವಾರದ ಅನ್ನದ ಮಾತನ್ನೂ ಹೇಳಲಿಲ್ಲ. ನಿಜವಾಗಿ ನಾನು ಮಾಡಿದ ತಪ್ಪು ಅದೊಂದೇ, ಅದನ್ನು ಮುಚ್ಚಿಟ್ಟೆ. ಅವಳು ಒಪ್ಪಿಕೊಳ್ಳೆಂದದ್ದು ನಾನು ಮಾಡದ ತಪ್ಪನ್ನು. ಕೊನೆಗೆ ಅವಳು ಗಂಜಿ ತರಿಸಿಕೊಂಡು, ನನ್ನ ಮುಖ ನೋಡದೆ ಎರಡು ಗುಟುಕು ಕುಡಿದಳು.

ಆಮೇಲೆ ನನ್ನನ್ನು ಮದರಾಸಿಗೆ ಕಳಿಸಲಿಲ್ಲ. ಕೊರಳ ಲಿಂಗವನ್ನೇ ಮರೆಸುವ ಊರಿನ ವಿದ್ಯೆ ಬೇಡವೆಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. ನಾನು ದಿನವೂ ಬೇಡಿಕೊಂಡದ್ದು ಅದನ್ನೇ ಅಲ್ಲವೇ? ಊರಿಗೆ ಬಂದೆ. ಬಂದು ಸಂಡೂರಿನಲ್ಲೇ ಮಾವ ಇಟ್ಟಿದ್ದ ಬೆಲ್ಲದ ಅಂಗಡಿಯಲ್ಲಿ ಪತ್ರ ಬರೆಯುವ ಕೆಲಸಕ್ಕೆ ಕುಳಿತೆ. ಈಗಲೂ ಅಲ್ಲಿಯೇ ಇದ್ದೇನೆ. ಅವ್ವನ ಹೊಟ್ಟೆ ಆ ಆರು ದಿನದ ನಂತರ ಸರಿಹೋಗಲೇ ಇಲ್ಲ. ನಾಲ್ಕು ವರ್ಷ ಇದ್ದಳು. ಮೊದಲು ಎಲೆ ಹಾಕುವ ಮುಂಚೆ ಪೂಜೆಯಾಯಿತೇ ಎಂದು ದಿನವೂ ಕೇಳುತ್ತಿದ್ದವಳು ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

ಇನ್ನೊಂದು ಉಳಿದಿದೆ. ನನ್ನ ಪೆಟ್ಟಿಗೆ ಕಳಿಸಿಕೊಡೆಂದು ಕುಮಾರಸ್ವಾಮಿಗೆ ಬರೆದಾಗ ಒಂದು ಪ್ರಶ್ನೆಯನ್ನೂ ಸೇರಿಸಿದ್ದೆ. ನೀನು ದಿನವೂ ನೋಡಿದವನು, ನನ್ನ ಅಂಗೈಯಲ್ಲಿ ಒಂದು ಕರಿಯ ಲಿಂಗ ಇತ್ತಲ್ಲವೇ, ಅಷ್ಟನ್ನು ಬರೆದು ಕಳಿಸು, ನಮ್ಮ ತಾಯಿಗೆ ಓದಿ ಹೇಳುತ್ತೇನೆ ಎಂದು. ಪೆಟ್ಟಿಗೆಯ ಜೊತೆ ಉತ್ತರ ಬಂತು. ನಿನ್ನ ಸಲುವಾಗಿ ಬೇರೆ ಏನು ಬೇಕಾದರೂ ಬರೆಯುತ್ತೇನೆ, ಕ್ಷಮಿಸು ಎಂದು ಶುರುಮಾಡಿದ್ದ. ಮೊದಲ ದಿನದಿಂದಲೂ ನೀನು ಬರಿಯ ಅಂಗೈಯನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದೆ, ಹೂವನ್ನೂ ಬರಿಯ ಅಂಗೈಗೇ ಏರಿಸುತ್ತಿದ್ದೆ, ನಿಮ್ಮವರು ಬಯಲನ್ನೇ ಪೂಜಿಸುವವರಿರಬೇಕೆಂದು ತಿಳಿದು ಕೇಳಲಿಲ್ಲ, ಅದನ್ನು ನೋಡಲು ನನಗೂ ಇಷ್ಟವಾಗುತ್ತಿತ್ತು ಎಂದು ಬರೆದಿದ್ದ. ಆ ಕಾಗದವನ್ನು ಅವ್ವನಿಗೆ ಓದಲಿಲ್ಲ.

ಅವಸರದಲ್ಲಿ ಖಾಲಿ ಕರಡಿಗೆ ಹಾಕಿಕೊಂಡು ಹೋದೆ ಎನ್ನುವವರಿದ್ದಾರೆ. ಇರಬಹುದು. ಹಾಗಾದರೆ ಎರಡು ತಿಂಗಳು ನನ್ನ ಅಂಗೈಯಲ್ಲಿ ತಣ್ಣಗಿದ್ದು ಬಿಸಿಯಾಗುತ್ತಿದ್ದದ್ದು ಏನು? ಅಲ್ಲಿ ಅವ್ವನ ಕೈಯಲ್ಲಿ ಮುಚ್ಚಳ ಜಾರಿದ ಮುಂಜಾನೆಯೇ ಇಲ್ಲಿ ನನಗೆ ಅದು ಕಾಣದಂತಾದದ್ದು ಹೇಗೆ? ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ತಿಳಿದವರನ್ನು ಕೇಳೋಣವೆಂದರೆ ಅವರು ಮೊದಲು ನನ್ನ ಮುಖ ನೋಡುತ್ತಾರೆ.

ಈಗ ಪ್ರತಿದಿನ ಪೂಜೆಗೆ ಕುಳಿತಾಗ ಹೆಂಡತಿಯನ್ನು ಕರೆದು, ಐತೇನು ನೋಡು ಎನ್ನುತ್ತೇನೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದು, ನನ್ನ ಅಂಗೈಯನ್ನು ನೋಡಿ, "ಐತ್ರಿ" ಎನ್ನುತ್ತಾಳೆ. ಇಪ್ಪತ್ತು ವರ್ಷದಿಂದ ಒಂದು ದಿನವೂ ಬೇಸರಪಟ್ಟಿಲ್ಲ. ಕುಮಾರಸ್ವಾಮಿಯ ಹಾಗೆಯೇ ಬಹಳ ಮರ್ಯಾದೆಯ ಹೆಂಗಸು. ನನ್ನ ಚಿಂತೆಯೂ ಅದೇ.