ಮಾರ್ಟ್ಲೆಟ್ ಕಾರಿಗೆ ಎರಡನೆಯ ಮುಖ ಕೊಟ್ಟ ಹಂಫ್ರಿ ಟಿಲಟ್‌ಸನ್

ಹೊಸ ಕಾರಿನ ರೂಪ ಬರೆಯುವವರು ನಮ್ಮ ಇಂಗ್ಲೆಂಡಿನಲ್ಲಿ ಹಲವರಿದ್ದಾರೆ. ವಯಸ್ಸಾದ ಕಾರಿನ ಮುಖಕ್ಕೆ ಕೈಹಾಕಿ, ಅದರ ಗುರುತು ಕೆಡದಂತೆ ಅದನ್ನು ಇನ್ನಷ್ಟು ಕಾಲ ಬದುಕಿಸಬಲ್ಲವರು ವಿರಳ. ಆ ವಿರಳರಲ್ಲಿ, ಹಾರ್ಕ್‌ಫೀಲ್ಡ್ ಕಾರ್ಖಾನೆಯ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀ ಹಂಫ್ರಿ ಟಿಲಟ್‌ಸನ್ ಅವರನ್ನು ಮೊದಲು ನೆನೆಯಬೇಕು. ಅವರ ಕೈಕೆಳಗೆ ದುಡಿದ ನನಗೆ ಇದನ್ನು ಬರೆಯುವಾಗಲೂ ಅಳುಕಿದೆ. ಹೊಗಳಿಕೆಯಲ್ಲಿ ಒಂದು ಪದ ಹೆಚ್ಚಾದರೂ ಅವರ ಹುಬ್ಬು ಮೇಲೇರುತ್ತದೆ.

ಕುದುರೆಗಾಡಿ ಕಟ್ಟುವವರ ಮನೆತನದ ಟಿಲಟ್‌ಸನ್ನರು ಹದಿಹರೆಯದಲ್ಲೇ ಕಾರ್ಖಾನೆ ಸೇರಿದರು. ಮೂವತ್ತು ತುಂಬುವ ಮೊದಲೇ ಮಾರ್ಟ್ಲೆಟ್ ಕಾರಿನ ರೂಪ ಬರೆದರು. ಲಂಡನ್ನಿನಲ್ಲಿ ಬೆಳಗಿನ ಚಹಾ ಕುಡಿದು ಹೊರಟವರು ದಣಿವಿಲ್ಲದೆ ದಕ್ಷಿಣ ಫ್ರಾನ್ಸ್ ಮುಟ್ಟುವಂಥ ದೂರಪಯಣದ ಐಷಾರಾಮಿ ಕಾರು ಅದು. ಅದರ ದೀಪದಿಂದ ಹೊರಟು ಮುಂದಿನ ಮಡ್‌ಗಾರ್ಡ್ ಮೇಲೆ ಹಾದು ಬಾಗಿಲ ಹಿಡಿಯವರೆಗೆ ಹರಿಯುವ ಬಾಗುಗೆರೆಯನ್ನು ನಮ್ಮಲ್ಲಿ ಎಲ್ಲರೂ ‘ಹಂಫ್ರಿ ಗೆರೆ’ ಎಂದೇ ಕರೆಯುತ್ತಿದ್ದರು.

ನಾನು ಕೊವೆಂಟ್ರಿಯ ಕಲಾ ಕಾಲೇಜಿನಿಂದ ಬಂದು ಬಣ್ಣ ಮತ್ತು ಚರ್ಮದ ವಿಭಾಗ ಸೇರುವಾಗ ಆ ಕಾರಿಗೆ ಆಗಲೇ ಹೆಸರು ಬಂದಿತ್ತು. ಮಾಡಿದ ಕೆಲಸವನ್ನು ಮತ್ತೆ ಮತ್ತೆ ತಿರುಗಿ ನೋಡುವ ನನ್ನ ಅಂಜಿಕೆಯ ಸ್ವಭಾವ ಎಲ್ಲರಿಗೂ ತಮಾಷೆಯಾಗಿತ್ತು. ಟಿಲಟ್‌ಸನ್ನರು ಮಾತ್ರ ನಗಲಿಲ್ಲ. ಪ್ರತಿ ಜೇಡಿಮಣ್ಣಿನ ಮಾದರಿಯನ್ನೂ ಮಾಲೀಕರಿಗೆ ತೋರಿಸುವ ಮುನ್ನ ನನ್ನನ್ನು ಕರೆಸಿ, ತಾವೇ ಚಹಾ ಸುರಿದುಕೊಟ್ಟು, “ಇವರೆಲ್ಲ ಚೆನ್ನಾಗಿರೋದನ್ನೇ ಹುಡುಕ್ತಾರೆ ಕಣಮ್ಮ. ಎಲ್ಲಿ ಕೆಟ್ಟಿದೆ ಅಂತ ನೀನು ನೋಡು” ಎನ್ನುತ್ತಿದ್ದರು. ನನ್ನ ಅಂಜಿಕೆಗೂ ಒಂದು ಕೆಲಸ ಸಿಕ್ಕಿದ್ದು ಹಾಗೆ.

ಮಾರ್ಟ್ಲೆಟ್ ಹುಟ್ಟಿ ಹದಿನಾರು ವರ್ಷವಾಗುವ ಹೊತ್ತಿಗೆ ಬಂಪರು, ದೀಪಗಳ ಸುರಕ್ಷತೆಗೆ ಹೊಸ ಕಾಯಿದೆ ಬಂತು. ಹಳೆಯ ಮುಖದಲ್ಲಿ ಕಾರನ್ನು ಮಾರುವಂತಿರಲಿಲ್ಲ. ಹೊಸ ಕಾರು ಮಾಡುವ ಶಕ್ತಿ ಕಾರ್ಖಾನೆಗಿರಲಿಲ್ಲ. ಬಾಗಿಲು, ಚಾವಣಿಗಳನ್ನು ಮುಟ್ಟದೆ ಮುಂಭಾಗ ಮತ್ತು ಹಿಂಭಾಗವನ್ನಷ್ಟೇ ಬದಲಿಸಬೇಕು, ಶರತ್ಕಾಲದ ಬರ್ಮಿಂಗ್‌ಹ್ಯಾಮ್ ಪ್ರದರ್ಶನಕ್ಕೆ ಕಾರು ನಿಲ್ಲಬೇಕು, ಇಲ್ಲವಾದರೆ ಕಾರ್ಖಾನೆಗೆ ಬೀಗ ಎಂದು ಮಾಲೀಕರ ಪ್ರತಿನಿಧಿ ಶ್ರೀ ಗಾರ್ಸೈಡ್ ತಿಳಿಸಿದರು. ತಮ್ಮ ಯೌವನದ ಕೆಲಸವನ್ನು ತಾವೇ ತಿದ್ದುವ ಹೊಣೆ ಹೀಗೆ ಟಿಲಟ್‌ಸನ್ನರ ಮೇಲೆ ಬಿತ್ತು.

ಅವರು ತಮ್ಮ ಮೂಲ ನಕ್ಷೆಯನ್ನು ತೆಗೆದು, ಅದರ ಅಳತೆಗೆ ಸರಿಯಾಗಿ ಕಾರಿನ ಹೊಸ ಮೂತಿಯನ್ನು ಜೇಡಿಮಣ್ಣಿನಲ್ಲಿ ರೂಪಿಸಿದರು. ಮೇಣದಂಥ ಆ ಜೇಡಿಮಣ್ಣಿನ ಮೇಲೆ ನನಗೂ ಯಾವ ಕೊರತೆ ಕಾಣಲಿಲ್ಲ. ಆದರೆ ಅದರಿಂದ ತೆಗೆದ ಫೈಬರಿನ ಪರೀಕ್ಷಾ ಮೂತಿಯನ್ನು ತಗಡು ಬಡಿಯುವ ವಿಭಾಗಕ್ಕೆ ಹೊತ್ತುಕೊಂಡು ಹೋಗಿ ಕಾರಿಗೆ ಹಿಡಿದಾಗ ಅದು ಕೂರಲಿಲ್ಲ. ಮಡ್‌ಗಾರ್ಡಿನ ಅಂಚಿಗಿಂತ ಮೇಲೆ, ಎತ್ತಿಕೊಂಡ ಕಾಲರಿನಂತೆ ನಿಂತಿತು. ಪಕ್ಕದ ಕಾರಿಗೆ ಹಿಡಿದರು, ಅಲ್ಲೂ ಹಾಗೆಯೇ.

“ಯಜಮಾನ್ರೇ, ಈ ಟೋಪಿ ನಮ್ಮ ತಲೇದಲ್ಲ” ಎಂದರು ಆ ವಿಭಾಗದ ಮೇಸ್ತ್ರಿ ಸಿರಿಲ್ ಬ್ಯಾಗ್ಲಿ.

“ಟೋಪಿ ಸರಿಯಾಗಿದೆ ಸಿರಿಲ್. ನಿನ್ನ ತಲೆ ಯಾವಾಗ ಸಣ್ಣದಾಯ್ತು?”

“ನನ್ನ ಹೆಂಡ್ತಿ ದೊಡ್ಡದಾಯ್ತು ಅಂತಾಳೆ.”

ಎಲ್ಲರೂ ನಕ್ಕರು. ನಕ್ಷೆ ತರಿಸಿ ಕಾರನ್ನು ಅಳೆದಾಗ ಕಾರಣ ತಿಳಿಯಿತು. ನಮ್ಮಲ್ಲಿ ಅಲ್ಯೂಮಿನಿಯಂ ತಗಡನ್ನು ಮರದ ಅಚ್ಚಿನ ಮೇಲೆ ಬಡಿದು, ಕೊನೆಯ ತಿದ್ದುಪಡಿಯನ್ನು ಅಂಗೈಯಿಂದ ಸವರಿ ಮಾಡುತ್ತಾರೆ. ಸವರಿ ಹೋಲಿಸುತ್ತಿದ್ದದ್ದು ನಕ್ಷೆಗಲ್ಲ, ಹಿಂದಿನ ಸರದಿಯ ಕಾರುಗಳಲ್ಲಿ ಚೆನ್ನಾಗಿ ಬಂದದ್ದಕ್ಕೆ. ಆ ಕಾರನ್ನು ಅದಕ್ಕೂ ಹಿಂದಿನ ಇನ್ನೊಂದಕ್ಕೆ ಹೋಲಿಸಿ ಬಡಿದಿದ್ದರು; ಅಚ್ಚು ಸವೆದಾಗ ಅದನ್ನೂ ಅಂಥ ಕಾರಿಗೇ ಹೊಂದಿಸಿದ್ದರು. ಹೀಗೆ ಕಾರಿನಿಂದ ಕಾರಿಗೆ, ಯಾರ ಅರಿವಿಗೂ ಬಾರದೆ, ಹಂಫ್ರಿ ಗೆರೆ ಕೂದಲೆಳೆಯಷ್ಟೇ ತಗ್ಗುತ್ತಾ ಬಂದಿತ್ತು. ಬಡಿದವರಿಗೂ ಗೊತ್ತಿರಲಿಲ್ಲ, ಬರೆದವರಿಗೂ ಗೊತ್ತಿರಲಿಲ್ಲ.

ಸುದ್ದಿ ತಿಳಿದು ಗಾರ್ಸೈಡ್ ಅವರು ಓಡಿಬಂದರು. ಮಡ್‌ಗಾರ್ಡುಗಳನ್ನು ನಕ್ಷೆಗೆ ಮರಳಿಸುವುದಾದರೆ ಅಚ್ಚುಗಳೆಲ್ಲ ಹೊಸದಾಗಬೇಕು, ಪ್ರದರ್ಶನ ಕೈತಪ್ಪುತ್ತದೆ. ಮೂತಿಯನ್ನೇ ಬದಲಿಸುವುದಾದರೆ, ಟಿಲಟ್‌ಸನ್ನರಿಗೆ ಹೆಸರು ತಂದ ಆ ಗೆರೆಯನ್ನು ಅವರೇ ಕೈಬಿಡಬೇಕು. “ನಿಮ್ಮ ಗೆರೆ, ನೀವೇ ಹೇಳಿ” ಎಂದರು ಗಾರ್ಸೈಡ್.

ಟಿಲಟ್‌ಸನ್ನರು ಎದ್ದು ಹೊರನಡೆದರು. ಕಾರ್ಖಾನೆಯ ಬಾಗಿಲಲ್ಲಿ ಹೆಮ್ಮೆಯಿಂದ ನಿಲ್ಲಿಸಿದ್ದ ಮೊತ್ತಮೊದಲ ಮಾರ್ಟ್ಲೆಟ್ಟನ್ನೂ ಬಣ್ಣ ಕಾಣದ ಹೊಸ ಕಾರನ್ನೂ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಎರಡರ ಮೇಲೂ ನೀರು ಹೊಯ್ಯಿಸಿದರು. ಒದ್ದೆ ತಗಡಿನ ಮೇಲೆ ಬೆಳಕು ಹರಿಯುವುದನ್ನು ನೋಡಿದರೆ ಬಾಗುಗೆರೆಯ ಗುಣ ತಿಳಿಯುತ್ತದೆ. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಅವರು ಬಹಳ ಹೊತ್ತು ಸುತ್ತಿದರು. ಆಮೇಲೆ ನನ್ನತ್ತ ತಿರುಗಿ, “ಎಲ್ಲಿ ಕೆಟ್ಟಿದೆ, ಹೇಳಮ್ಮ” ಎಂದರು.

ನಾನು ಮೊದಲ ಮಾರ್ಟ್ಲೆಟ್ಟಿನತ್ತ ಬೆರಳು ತೋರಿಸಿದೆ. “ಹಳೇದರಲ್ಲಿ, ಸರ್. ಬಾಗಿಲ ಹತ್ರ ಬರ್ತಾ ಬೆಳಕು ಒಂದು ಸಲ ತಡವರಿಸುತ್ತೆ. ಹೊಸದರಲ್ಲಿ ಹಾಗಿಲ್ಲ.”

“ಹೌದು. ಬರೆದಾಗಲೇ ನಂಗೆ ಅದು ಕಂಡಿತ್ತು. ಹೇಗೆ ಸರಿಮಾಡೋದು ಅಂತ ಮಾತ್ರ ಹೊಳೀಲಿಲ್ಲ” ಎಂದು ಅವರು ಶಾಂತವಾಗಿ ನುಡಿದರು. ಬಳಿಕ ಬ್ಯಾಗ್ಲಿಯವರಿಗೆ, “ನಿಮ್ಮ ಗೆರೆಗೇ ಮೂತಿ ಕೂರಿಸೋಣ, ಸಿರಿಲ್” ಎಂದರು.

“ನಮ್ಮದು ಅಂತ ಯಾವ ಗೆರೇನೂ ಇಲ್ಲ, ಯಜಮಾನ್ರೇ. ನಿಮ್ಮದನ್ನ ನೋಡ್ಕೊಂಡೇ ಬಡಿದಿದ್ದು.”

ಮರುದಿನವೇ ಅವರು ನಕ್ಷೆಯನ್ನು ಬದಿಗಿಟ್ಟು, ಬಡಿದ ಕಾರಿನ ಮೇಲೆ ನೇರವಾಗಿ ಜೇಡಿಮಣ್ಣು ಹಚ್ಚಿ ಎರಡನೆಯ ಮೂತಿಯನ್ನು ಆರಂಭಿಸಿದರು. ತಗಡಿನವರು ಬಂದು ಸವರಿ ನೋಡುವವರೆಗೆ ಯಾವ ಅಂಚನ್ನೂ ಮುಗಿಯಿತೆನ್ನಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಕಾರು ವೇಳೆಗೆ ಸರಿಯಾಗಿ ನಿಂತಿತು. ಮಾರ್ಟ್ಲೆಟ್ ಇನ್ನೂ ಅನೇಕ ವರ್ಷ ರಸ್ತೆಗಿಳಿಯಿತು. ಕಾರ್ಖಾನೆಯ ಬಾಗಿಲು ತೆರೆದೇ ಉಳಿಯಿತು. ಮಡ್‌ಗಾರ್ಡಿನ ಚೆಲುವನ್ನು ಹೊಗಳಿದ ಪತ್ರಕರ್ತರಿಗೆ ಅವರು, “ಅದನ್ನು ಬಡಿದವರು ಅಲ್ಲಿದ್ದಾರೆ, ಕೇಳಿ” ಎಂದು ಬ್ಯಾಗ್ಲಿಯವರನ್ನು ತೋರಿಸಿದ್ದನ್ನು ನಾನು ಕಂಡಿದ್ದೇನೆ. ತನ್ನ ಕೃತಿ ತನಗಿಂತ ಚೆನ್ನಾಗಿ ಬೆಳೆದಿದೆ ಎಂದು ಎಲ್ಲರೆದುರು ಒಪ್ಪುವುದು ಎಷ್ಟು ಕಷ್ಟವೆಂದು, ಸಣ್ಣ ತಪ್ಪಿಗೂ ನಡುಗುವ ನನ್ನಂಥವಳು ಬಲ್ಲಳು.

ಬೀಳ್ಕೊಡುಗೆಯಾಗಿ ಕಾರ್ಖಾನೆ ಅವರಿಗೆ ಆ ಮೊದಲ ಮಾರ್ಟ್ಲೆಟ್ಟನ್ನೇ ಕೊಡುತ್ತಿದೆ. ಕಳೆದ ವಾರ ಬ್ಯಾಗ್ಲಿಯವರು, “ಒಂದು ಶನಿವಾರ ತಗೊಂಡ್ ಬನ್ನಿ ಯಜಮಾನ್ರೇ, ಆ ಬಾಗಿಲ ಹತ್ರದ್ದು ಬಡಿದು ಸರಿಮಾಡಿ ಕೊಡ್ತೀವಿ” ಎಂದರು.

“ಬೇಡಪ್ಪ” ಎಂದರು ಟಿಲಟ್‌ಸನ್. “ಅಷ್ಟು ಮಾತ್ರ ನಂದು. ಇರಲಿ.”

ಮನೆಯಂಗಳದಲ್ಲಿ ಆ ಕಾರಿಗೆ ನೀರು ಹೊಯ್ದು, ಬೆಳಕು ತಡವರಿಸುವ ಜಾಗವನ್ನು ಇನ್ನೂ ಬಹುಕಾಲ ನೋಡುವ ಆಯುಷ್ಯವೂ ಗಟ್ಟಿ ಕೈಗಳೂ ಅವರಿಗಿರಲಿ. ಹೊಸ ಮಾದರಿಗಳ ಮುಂದೆ ನಾವು ಅನುಮಾನದಿಂದ ನಿಂತಾಗ ಬಂದು, ಎಲ್ಲಿ ಕೆಟ್ಟಿದೆಯೆಂದು ನಮ್ಮನ್ನು ಕೇಳುತ್ತಿರಲಿ.