ಒಂದು ಒಳಲೆ ನೀರು

ಬಟ್ಟಲು ಖಾಲಿಯಾಗಿತ್ತು. ತಟ್ಟೆಯ ಮರಳು ಒಣಗಿತ್ತು. ಅಡುಗೆಮನೆ ಬಾಗಿಲಾಚೆಯ ಕರಿಬೇವಿನ ಕುಂಡ ಮಾತ್ರ ಒದ್ದೆಯಾಗಿತ್ತು. ಕಾಲೇಜಿನಿಂದ ಮಧ್ಯಾಹ್ನವೇ ಮನೆಗೆ ಬಂದಾಗ ನಾನು ಕಂಡದ್ದು ಇಷ್ಟು, ಇದೇ ಕ್ರಮದಲ್ಲಿ. ಇದನ್ನು ಮೊದಲೇ ಬರೆದಿಡುತ್ತೇನೆ. ಆಮೇಲೆ ಕೋಪ ಬಂದು ಒಂದರ ಮೇಲೊಂದು ಸೇರಿಸಿದೆ ಎಂದು ಯಾರೂ ಹೇಳಬಾರದು.

ನಮ್ಮ ಬೆಕ್ಕಿಗೆ ಮೂತ್ರಕೋಶದಲ್ಲಿ ಕಲ್ಲಾಗಿತ್ತು. ಶಿಡ್ಲಘಟ್ಟದ ನಮ್ಮ ಮನೆಯಿಂದ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಅದನ್ನು ಒಯ್ದದ್ದು ರೇಷ್ಮೆಗೂಡು ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ. ಮೇಲೊಂದು ಕ್ರೇಟು ಕವುಚಿ, ಹಗ್ಗ ಬಿಗಿದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಮುದುಕರು, 'ಗೂಡು ಎಂಗ್ ಹೋಯ್ತಮ್ಮ ಇವತ್ತು?' ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಬೆಕ್ಕು ಕೂಗಿತು. ಅವರು ಎದ್ದು ಹಿಂದಿನ ಸೀಟಿಗೆ ಹೋದರು.

ಹೊಟ್ಟೆ ಕೊಯ್ದು ತೆಗೆದ ಕಲ್ಲುಗಳನ್ನು ಡಾಕ್ಟರಮ್ಮ ಹತ್ತಿಯ ಮೇಲಿಟ್ಟು ತೋರಿಸಿದರು. ಒಂದು ತೊಗರಿಕಾಳಿನಷ್ಟಿತ್ತು. 'ಊಟ ಸ್ವಲ್ಪ ಕಮ್ಮಿ ತಿಂದ್ರೂ ನೋಡಣ. ನೀರು ಮಾತ್ರ ತಪ್ಪಬಾರದು. ಉಚ್ಚೆ ಹೋಗ್ತಾ ಇರ್ಬೇಕು. ನಿಂತೋಯ್ತು ಅನ್ಸಿದ್ರೆ ಫೋನ್ ಮಾಡ್ತಾ ಕೂರ್ಬೇಡಿ, ಎತ್ಕೊಂಡು ಬಂದ್ಬಿಡಿ' ಎಂದರು.

ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿ. ಅಳೆಯುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಗಾಯ ನೆಕ್ಕದಂತೆ ಬೆಕ್ಕಿನ ಕತ್ತಿಗೆ ಹಾಕಿದ, ಆಲಿಕೆಯಂಥ ಪ್ಲಾಸ್ಟಿಕ್ ಕೊಳವೆಯ ಅಂಚು ತಾಗದ ಹಾಗೆ ಅಗಲವಾದ ಬಟ್ಟಲು ಹುಡುಕಿದೆ. ಅದರೊಳಗೆ ಉಗುರುಬಣ್ಣದಲ್ಲಿ ಗೆರೆ ಎಳೆದು ಅಲ್ಲಿಯವರೆಗೆ ನೀರು ಹಾಕಿಟ್ಟೆ. ಅದು ಉಚ್ಚೆ ಹೊಯ್ಯಲು ಮೆಟ್ಟಿಲ ಕೆಳಗೆ ಮರಳಿನ ತಟ್ಟೆ. ಮರಳನ್ನು ಕಡ್ಡಿಯಿಂದ ಒತ್ತಿ ಒದ್ದೆ ಉಂಡೆಗಳನ್ನು ಎಣಿಸುತ್ತಿದ್ದೆ. ಆ ಉಂಡೆಗಳೇ ಬೆಕ್ಕಿನ ಜೀವ ಎಂದು ನನಗೆ ಗೊತ್ತಿತ್ತು.

ಆ ಹೊತ್ತಿಗೆ ಚಿಂತಾಮಣಿಯಿಂದ ನಮ್ಮ ಯಜಮಾನರ ಅಕ್ಕ ಬಂದರು. ಅವರ ಮಾತಿನಲ್ಲಿ ಅರ್ಧ ತೆಲುಗು. ಬೆಕ್ಕು ಅವರಿಗೆ ಪಿಲ್ಲಿ, ಮಗು ಪಿಲ್ಲ. 'ನೀನು ಡ್ಯೂಟಿಗೆ ಹೋಗಮ್ಮಾ. ಮನೆಮಂದಿಗೆಲ್ಲ ಬಾಣಂತನ ಮಾಡಿದೋಳು ನಾನು, ಒಂದ್ ಪಿಲ್ಲೀನ ನೋಡ್ಕೊಳ್ಳಕ್ಕಾಗಲ್ವಾ?' ಎಂದರು. ಬಟ್ಟಲಿನ ಗೆರೆ ತೋರಿಸಿ ನೀರಿನ ವಿಷಯ ಬಿಡಿಸಿ ಹೇಳಿದೆ. ಹ್ಞೂಂ ಎಂದು ತಲೆಯಾಡಿಸಿದರು. ಅವರು ಹಾಗೆ ತಲೆಯಾಡಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಬೇಗ ಬಂದ ಆ ಮಧ್ಯಾಹ್ನ ಅವರು ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದರು.

'ಅಕ್ಕ, ಬೆಕ್ಕಿನ ನೀರೆಲ್ಲಿ?'

'ಕುಡೀತು.'

'ಮರಳು ಒಣಗಿದೆಯಲ್ಲ.'

'ಬಿಸ್ಲಿಗೆ ಒಣಗುತ್ತಮ್ಮ.'

'ಮೆಟ್ಲ ಕೆಳಗೆ ಎಲ್ಲಿಂದ ಬಂತು ಬಿಸ್ಲು?'

ಅವರು ಇನ್ನೂ ನಾಲ್ಕು ಕಾಯಿ ಮುರಿದರು. ಆಮೇಲೆ ತಲೆ ಎತ್ತಿದರು. 'ಹೊಲ್ಗೆ ಹಾಕಿರೋ ಹೊಟ್ಟೆ ಕಣೇ ಅದು. ಬಟ್ಟಲುಗಟ್ಲೆ ನೀರಿಟ್ರೆ ಕೀವು ಕಟ್ಟಲ್ವಾ? ಬೆಳಿಗ್ಗೆ ಬೆಚ್ಚಗೆ ಒಂದ್ ಗುಟುಕು ಕೊಟ್ಟೆ, ಸಾಕು. ನಿಮ್ಮ ಡಾಕ್ಟ್ರಮ್ಮ ನಿನ್ನೆ ಮೊನ್ನೆ ಓದ್ಕೊಂಡ್ ಬಂದಿರೋ ಹುಡುಗಿ. ಅವಳೇನು ಹೆತ್ತಿದ್ದಾಳಾ?'

'ಬೆಕ್ಕೂ ಹೆತ್ತಿಲ್ಲ ಅಕ್ಕ. ಕಲ್ಲು ತೆಗೆಸ್ಕೊಂಡಿದೆ.'

'ಹೊಲ್ಗೆ ಹೊಲ್ಗೇನೆ. ಪಿಲ್ಲ ಹೆತ್ತೋಳಿಗಾದ್ರೇನು, ಪಿಲ್ಲಿಗಾದ್ರೇನು? ನಿಂಗೂ ಹಂಗೇ ಮಾಡಿದ್ದು. ಏನಾಯ್ತೀಗ? ಗುಂಡುಕಲ್ಲಿನ ಹಂಗಿದೀಯ.'

ಏನಾಯಿತೆಂದು ಹೇಳುತ್ತೇನೆ. ನನ್ನ ಮಗಳು ಹುಟ್ಟಿದ್ದೂ ಹೊಟ್ಟೆ ಕೊಯ್ದೇ. ನನಗೆ ತಾಯಿ ಇಲ್ಲದ್ದರಿಂದ ಬಾಣಂತನ ನಡೆದದ್ದು ಚಿಂತಾಮಣಿಯ ಇವರ ಮನೆಯಲ್ಲಿ. ಏಪ್ರಿಲ್ ಬಿಸಿಲು, ಕಿಟಕಿಗೆ ಕಂಬಳಿ, ಮಂಚದ ಕೆಳಗೆ ಕೆಂಡ. ಕಾಯಿಸಿ ಆರಿಸಿದ ನೀರನ್ನು ಅವರು ಒಳಲೆಯಲ್ಲಿ ಅಳೆದು ಕೊಡುತ್ತಿದ್ದರು. ಎಳೆಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು ಅದು. ಊಟಕ್ಕೆ ಒಂದು ಒಳಲೆ. ಇನ್ನೊಂದು ಕೇಳಿದರೆ, 'ನಾಲ್ಗೆ ಹಿಡ್ತದಲ್ಲಿರ್ಲಿ' ಎನ್ನುತ್ತಿದ್ದರು. ನನ್ನ ತುಟಿ ಒಡೆಯಿತು. ಹಾಲು ಸಾಲದೆ ಮಗು ಅಳುತ್ತಿತ್ತು, ಅದಕ್ಕೂ ಬೈಗುಳ ನನಗೇ. ಬಚ್ಚಲಲ್ಲಿ ಅವರು ತಲೆಗೆ ನೀರು ಹುಯ್ಯುವಾಗ ನಾನು ಮುಖ ಬಗ್ಗಿಸಿ, ಮೂಗಿನ ಮೇಲಿಂದ ಇಳಿಯುತ್ತಿದ್ದ ನೀರನ್ನು ಸೀಗೆಪುಡಿಯ ಸಮೇತ ನುಂಗುತ್ತಿದ್ದೆ. ಅವರಿಗೆ ಗೊತ್ತಾಗದ ಹಾಗೆ, ಸದ್ದು ಮಾಡದೆ. ಆ ಕಹಿ ಈಗಲೂ ಗಂಟಲಲ್ಲಿದೆ.

ನಾವು ಮಾತಾಡುತ್ತಿರುವಾಗಲೇ ಬೆಕ್ಕು ಮರಳಿಗೆ ಹೋಯಿತು. ಕೂತಿತು, ತಿಣುಕಿತು. ಏನೂ ಬರಲಿಲ್ಲ. ಎದ್ದು ಮಗ್ಗುಲಿಗೆ ಸರಿದು ಮತ್ತೆ ಕೂತಿತು. ಕತ್ತಿನ ಕೊಳವೆ ಮರಳಿಗೆ ಉಜ್ಜಿ ಕರಕರ ಎನ್ನುತ್ತಿತ್ತು. ಮೂರನೇ ಸಲ ಕೂತಾಗ ಕೂಗಿದ ಕೂಗು ಬಸ್ಸಿನಲ್ಲಿ ಕೂಗಿದ ಹಾಗಿರಲಿಲ್ಲ. ಯಜಮಾನರಿಗೆ ಫೋನ್ ಮಾಡಿ ಬೆಕ್ಕನ್ನು ಕ್ರೇಟಿಗಿಳಿಸಿದೆ. ಅವರು ತಮ್ಮ ಅಂಗಡಿಯಿಂದ ಓಡಿ ಬಂದು ಹಗ್ಗಕ್ಕೆ ಗಂಟು ಹಾಕಿದರು. ಆಟೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದೆವು.

ಡಾಕ್ಟರಮ್ಮ ಸಣ್ಣ ನಳಿಕೆ ತೂರಿಸಿದರು. ನೀರಿಲ್ಲದೆ ಉಚ್ಚೆ ಗಟ್ಟಿಯಾಗಿ, ರಕ್ತದ ಹೆಪ್ಪೊಂದು ದಾರಿಗೆ ಅಡ್ಡ ಕೂತಿತ್ತು. ಹೊರಗೆ ಬಂದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣದ್ದು. 'ನೀರು ಯಾರು ನಿಲ್ಸಿದ್ದು?' ಎಂದು ಕೇಳಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಹಿಂದಿರುಗುವಾಗ ಅವರು, 'ಅಕ್ಕ ಒಳ್ಳೇದಕ್ಕೇ ಮಾಡಿರ್ತಾಳೆ ಕಣೇ' ಎಂದರು.

'ನಂಗೂ ಒಳ್ಳೇದಕ್ಕೇ ಮಾಡಿದ್ರು.'

'ನಾಳೆ ಚಿಂತಾಮಣಿ ಬಸ್ ಹತ್ತಿಸ್ಬಿಡ್ತೀನಿ, ಬಿಡು.'

'ಬೇಡ. ಇರ್ಲಿ ಅವರು' ಎಂದೆ. ನಾನು ದೊಡ್ಡ ಮನಸ್ಸು ಮಾಡಿದೆನೆಂದು ಅವರಿಗೆ ಸಮಾಧಾನವಾಯಿತು. ಕೈಗೆ ಸಿಕ್ಕವರನ್ನು ಬಸ್ಸು ಹತ್ತಿಸಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಮನೆಗೆ ಬಂದ ಮೇಲೆ ಬೆಕ್ಕು ಗೋಡೆಗೆ ಮುಖ ಮಾಡಿ ಮಲಗಿತು. ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ರಜೆ ಹಾಕಿ ಬೀರುವಿನಿಂದ ಆ ಒಳಲೆ ತೆಗೆದೆ. ಬಾಣಂತನ ಮುಗಿದಾಗ ಅಕ್ಕನೇ ಮಗಳಿಗೆಂದು ಕೊಟ್ಟದ್ದು. ಕೊಳವೆಯೊಳಗೆ ಕೈ ತೂರಿಸಿ, ಬೆಕ್ಕಿನ ಬಾಯಂಚಿಗೆ ಮೂತಿ ತಾಗಿಸಿ ಸ್ವಲ್ಪಸ್ವಲ್ಪವೇ ಬಗ್ಗಿಸಿದೆ. ಇದನ್ನು ಅಕ್ಕನ ಕಣ್ಣೆದುರಿಗೇ ಮಾಡುತ್ತಿದ್ದೆ. ಬೇರೆ ಜಾಗ ಇರಲಿಲ್ಲವೆಂದಲ್ಲ.

'ಅಯ್ಯೋ, ಪಿಲ್ಲ ಕುಡಿದ ಒಳಲೇಲಿ ಪಿಲ್ಲಿಗಾ?'

'ನಾನೂ ಇದ್ರಲ್ಲೇ ಅಲ್ವಾ ಅಕ್ಕ ಕುಡಿದಿದ್ದು?'

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಮರಳು ಒಣಗಿಯೇ ಇತ್ತು. ಬಿಸಿಲು ಏರಿದ ಮೇಲೆ ಅಕ್ಕ ಸಂತೆಯಿಂದ ಹುಣಿಸೆಹಣ್ಣು ಹೊತ್ತುಕೊಂಡು ಬಂದರು. ಮಂಡಿ ನೋವು ಅವರಿಗೆ, ಮೆಟ್ಟಿಲ ಮೇಲೆ ಕುಸಿದು ಕೂತರು. 'ಒಂದ್ ಲೋಟ ನೀರ್ ಕೊಡಮ್ಮ.'

ಒಳಲೆ ತೊಳೆದೆ. ಅಷ್ಟು ಮಾತ್ರ ಮಾಡಿದೆ. ಕ್ಯಾನಿನಿಂದ ಅದಕ್ಕೆ ನೀರು ತುಂಬಿ ತಂದು ಅವರ ಕೈಯಲ್ಲಿಟ್ಟೆ.

'ಏನೇ ಇದು, ತಮಾಷೆನಾ?'

'ಇಲ್ಲ ಅಕ್ಕ.'

ಒಳಲೆ ನೋಡಿದರು, ನನ್ನ ತುಟಿ ನೋಡಿದರು. ಕುಡಿದರು. ಮೂತಿಯಲ್ಲಿ ನಿಂತಿದ್ದ ಹನಿಯನ್ನೂ ನಾಲಗೆಯಿಂದ ತೆಗೆದುಕೊಂಡರು. 'ಇನ್ನೊಂದು.'

'ಬಿಸ್ಲಲ್ಲಿ ಬಂದಿದೀರ. ಒಂದೇ ಸಲಕ್ಕೆ ಜಾಸ್ತಿ ಆಗ್ಬಾರ್ದು.'

ಅವರು ಎದ್ದು ಹೋಗಿ ತಾವೇ ತೆಗೆದುಕೊಳ್ಳಬಹುದಿತ್ತು. ಎದ್ದೇಳಲಿಲ್ಲ. ನಾನೂ ಅಲುಗಲಿಲ್ಲ. ಆಗ ಮೆಟ್ಟಿಲ ಕೆಳಗೆ ಮರಳು ಕೆರೆಯುವ ಸದ್ದಾಯಿತು. ಬಗ್ಗಿ ನೋಡಿದೆ. ಬೆಕ್ಕು ಬೆನ್ನು ಬಾಗಿಸಿ ಕೂತಿತ್ತು. ಈ ಸಲ ತಿಣುಕಲಿಲ್ಲ, ಜಾಗ ಬದಲಿಸಲಿಲ್ಲ, ಸುಮ್ಮನೆ ಬಹಳ ಹೊತ್ತು ಕೂತಿತ್ತು. ಅದು ಎದ್ದ ಮೇಲೆ ಕಡ್ಡಿಯಿಂದ ಒತ್ತಿದೆ. ನಿಂಬೆಹಣ್ಣಿನಷ್ಟು ದಪ್ಪದ ಒದ್ದೆ ಉಂಡೆ. ಕಡ್ಡಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

'ಹೋಯ್ತಾ?' ಎಂದು ಮೇಲಿಂದ ಅಕ್ಕ ಕೇಳಿದರು.

'ಹೋಯ್ತು.'

ಕೈ ತೊಳೆದು ಬಂದು ಬೆಕ್ಕಿನ ಬಟ್ಟಲಿಗೆ ನೀರು ಹುಯ್ದೆ. ಗೆರೆ ಮುಟ್ಟುವವರೆಗೆ, ಅವರ ಮುಂದೆಯೇ, ನಿಧಾನವಾಗಿ. ಬೆಕ್ಕು ಬಂದು ಅಗಲವಾದ ಬಟ್ಟಲಿಗೆ ಕೊಳವೆ ಇಳಿಸಿ ತಾನೇ ಕುಡಿಯತೊಡಗಿತು. ಅಕ್ಕ ಆ ನಾಲಗೆಯನ್ನೇ ನೋಡುತ್ತಿದ್ದರು.

'ನಂಗಮ್ಮ?' ಎಂದರು.

ಒಳಲೆಗಾಗಿ ಕೈ ಚಾಚಿದೆ. ಕೊಟ್ಟರು. ಮೂತಿಯ ಅಂಚಿನವರೆಗೆ ತುಂಬಿಸಿ, ಒಂದು ಹನಿಯೂ ಚೆಲ್ಲದಂತೆ ತಂದುಕೊಟ್ಟೆ. ಒಂದೇ ಒಂದು.