ಮೂಲೆಮನೆಯ ಹಿಮ

ಒದ್ದೆಯಾದ ಉಣ್ಣೆಯ ಕೈಗವಸನ್ನು ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಹಾಕಿದರೆ ಒಂದು ವಾಸನೆ ಏಳುತ್ತದೆ, ಮಳೆಯಲ್ಲಿ ನೆಂದ ಕಂಬಳಿಯನ್ನು ಒಲೆಯ ಪಕ್ಕ ಹರವಿದ ಹಾಗೆ. ಈ ಬೆಳಿಗ್ಗೆ ಆ ವಾಸನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯ ಕಾರ್ಮೆನ್ ನೆನಪಾದರು. ಆಕೆ ತೀರಿಕೊಂಡು ಬಹಳ ವರ್ಷವಾಯಿತು. ಆದರೂ ಹಿಮ ಬಿದ್ದ ದಿನ ಅವರು ನನ್ನನ್ನು ಬಿಡುವುದಿಲ್ಲ.

ಜರ್ಸಿ ಸಿಟಿಯಲ್ಲಿ ನಾನು ಈ ಮನೆ ಕೊಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ. ಈಗ ಗಾಜಿನ ಗೋಪುರಗಳು ನಿಂತಿರುವ ನದಿಯ ದಂಡೆಯಲ್ಲಿ ಆಗ ತುಕ್ಕು ಹಿಡಿದ ರೈಲು ಹಳಿಗಳಿದ್ದವು. ಇದು ಕಾರ್ನರ್ ಮನೆ. ಬೆಂಗಳೂರಿನಲ್ಲಿ ಕಾರ್ನರ್ ಸೈಟಿಗಾಗಿ ಜನ ಹರಾಜಿನಲ್ಲಿ ಅಂಗಿ ಹರಿದುಕೊಳ್ಳುತ್ತಾರೆ; ಇಲ್ಲಿ ಅದೇ ಸಾಲಿನ ನಡುವಿನ ಮನೆಗಿಂತ ಇದು ಅಗ್ಗಕ್ಕೆ ಸಿಕ್ಕಿತು. ಅಮೆರಿಕನ್ನರಿಗೆ ಎರಡು ಕಡೆಯ ಗಾಳಿ ಬೆಳಕಿನ ಬೆಲೆ ಗೊತ್ತಿಲ್ಲ ಎಂದುಕೊಂಡೆ. ಅಷ್ಟಕ್ಕೇ ಬಿಡದೆ, ನೆಲಮಾಳಿಗೆಯಲ್ಲಿದ್ದ ಎರಡು ಹಿಮದ ಸಲಿಕೆ, ಒಂದು ಹಾರೆ ಎಲ್ಲ ಸೇರಿಸಿ ಕೊಡಬೇಕೆಂದು ಪಟ್ಟು ಹಿಡಿದೆ. ಮನೆ ಮಾರುತ್ತಿದ್ದ ಮುದುಕ ತಕ್ಷಣ ಒಪ್ಪಿಕೊಂಡ. ಒಂದು ಬುದ್ಧಿಮಾತು ಹೇಳುತ್ತೇನೆ, ಕೇಳಿ: ಮಾರುವವನು ತಕ್ಷಣ ಒಪ್ಪಿಕೊಂಡರೆ ಕೊಳ್ಳುವವನು ಒಂದು ನಿಮಿಷ ನಿಂತು ಯೋಚಿಸಬೇಕು. ನಾನು ಯೋಚಿಸಲಿಲ್ಲ. ಗೃಹಪ್ರವೇಶಕ್ಕೆ ಬಂದ ಸ್ನೇಹಿತರು, “ಏನಯ್ಯಾ, ಕಾರ್ನರ್ ಸೈಟೇ ಹೊಡೆದುಬಿಟ್ಟೆಯಲ್ಲ” ಎಂದಾಗ ಎರಡನೆಯ ಸಲ ಹೋಳಿಗೆ ಬಡಿಸಿದೆ.

ಮುದುಕ ಯಾಕೆ ಅಷ್ಟು ಬೇಗ ಒಪ್ಪಿದ ಎಂಬುದಕ್ಕೆ ಉತ್ತರ ಡಿಸೆಂಬರಿನಲ್ಲಿ ಸಿಕ್ಕಿತು. ಇಲ್ಲಿ ಮನೆಯ ಎದುರಿನ ಫುಟ್‌ಪಾತಿನ ಹಿಮವನ್ನು ಮನೆಯವನೇ ತೆಗೆಯಬೇಕು. ನಡುವಿನ ಮನೆಯವನಿಗೆ ಇಪ್ಪತ್ತೈದು ಅಡಿ ತೆಗೆದರೆ ಮುಗಿಯಿತು. ಮೂಲೆಯವನಿಗೆ ಮುಂದಿನ ಇಪ್ಪತ್ತೈದು, ಪಕ್ಕದ ಬೀದಿಯಲ್ಲಿ ನೂರು. ಐದು ಮನೆಯ ಹಿಮ ನನ್ನೊಬ್ಬನ ಬೆನ್ನಿಗೆ.

ತೆಗೆದದ್ದನ್ನು ಎಲ್ಲಿ ಹಾಕುವುದು? ಅದೇ ಈ ಊರುಗಳ ದೊಡ್ಡ ಪ್ರಶ್ನೆ. ರಸ್ತೆಯಂಚಿನಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅವುಗಳ ಮೇಲೆ ಸುರಿದರೆ ಜಗಳ. ಖಾಲಿ ಇರುವುದು ಒಂದೇ ಜಾಗ, ಮೂಲೆ. ಅಲ್ಲಿ ಕಾರು ನಿಲ್ಲಿಸುವಂತಿಲ್ಲ. ನಮ್ಮೂರಿನಲ್ಲಿ ಬೀದಿಯ ಮೂಲೆ ಯಾರದೂ ಅಲ್ಲ. ಎಲ್ಲರ ಮನೆಯ ಕಸ, ಒಡೆದ ಹೆಂಚು, ದೃಷ್ಟಿ ತೆಗೆದ ಕುಂಬಳಕಾಯಿ ಎಲ್ಲ ಅಲ್ಲಿಗೇ. ನಾನೂ ಆ ಸಂಸ್ಕಾರದಲ್ಲಿ ಬೆಳೆದವನು. ಎರಡು ಬೀದಿಯ ಹಿಮವನ್ನೂ ನೂಕಿ ನೂಕಿ ಮೂಲೆಗೆ ಒಟ್ಟಿದೆ, ಅರ್ಧ ಶ್ರಮ ಉಳಿಯಿತೆಂದು ಹೆಂಡತಿ ಸುಶೀಲೆಯ ಹತ್ತಿರ ಕೊಚ್ಚಿಕೊಂಡೆ. ಅದು ಸೋಮವಾರ. ಮಧ್ಯಾಹ್ನದ ಬಿಸಿಲಿಗೆ ಗುಡ್ಡೆ ತುಸು ಕರಗಿತು. ಮರುದಿನ ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತು.

ಮಂಗಳವಾರ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಸುಶೀಲೆ ಕಿಟಕಿಯಿಂದ ಕರೆದಳು.

“ರೀ, ಕಾರ್ಮೆನ್ ಹೊರಗೆ ನಿಂತಿದ್ದಾರೆ. ವ್ಯಾನ್ ಆ ಕಡೆ ನಿಂತಿದೆ. ಮಧ್ಯೆ ನಿಮ್ಮ ಬೆಟ್ಟ ಇದೆ.”

ಕಾರ್ಮೆನ್‌ಗೆ ಅರವತ್ತು ದಾಟಿತ್ತು, ಒಂಟಿ. ವಾಕರ್ ಹಿಡಿದು ನಡೆಯುತ್ತಿದ್ದರು. ವಾರಕ್ಕೆ ಮೂರು ಸಲ ವ್ಯಾನೊಂದು ಬಂದು ಅವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿತ್ತು. ಅದು ನಿಲ್ಲುತ್ತಿದ್ದದ್ದು ನಮ್ಮ ಮೂಲೆಯಲ್ಲಿ. ಕಾರುಗಳಿಲ್ಲದೆ ಖಾಲಿ ಇದ್ದದ್ದು ಅದೊಂದೇ ಜಾಗ ಅಂತಲೇ. ನನ್ನ ಲೆಕ್ಕ, ವ್ಯಾನಿನವನ ಲೆಕ್ಕ ಎರಡೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು.

ಸೋಪಿನ ಮುಖದಲ್ಲೇ ಓಡಿದೆ. ಸಲಿಕೆ ಬಡಿದರೆ ಠಣ್ ಎಂದಿತು. ಬಚ್ಚಲಿನ ನಲ್ಲಿಯಿಂದ ಒಂದು ಬಕೆಟ್ ಬಿಸಿನೀರು ತಂದು ಸುರಿದೆ.

“ಬೇಡ್ರೀ, ಇನ್ನೂ ಜಾರತ್ತೆ,” ಎಂದು ಸುಶೀಲೆ ಮೆಟ್ಟಿಲಿನಿಂದ ಕೂಗುತ್ತಿದ್ದಳು. ಎರಡೇ ನಿಮಿಷದಲ್ಲಿ ಗುಡ್ಡೆ ಗಾಜಾಯಿತು.

ವ್ಯಾನಿನ ಡ್ರೈವರ್ ಇಳಿದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. “ಆಕೆಯನ್ನ ಎತ್ಕೊಂಡು ದಾಟಿಸೋ ಹಾಗಿಲ್ಲ. ಬಿದ್ರೆ ನನ್ನ ಕೆಲಸ ಹೋಗತ್ತೆ. ಒಳಗೆ ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ. ಯಾರು ಹಾಕಿದ್ದು ಇದನ್ನ?”

“ಪ್ಲೌ,” ಎಂದೆ. ನಗರಸಭೆಯ ಹಿಮ ತಳ್ಳುವ ಲಾರಿಗೆ ನಾಲಗೆಯಿಲ್ಲವಲ್ಲ.

ಕಾರ್ಮೆನ್ ನನ್ನ ಮುಖವನ್ನೊಮ್ಮೆ ನೋಡಿದರು. ಡ್ರೈವರ್ ವ್ಯಾನಿನ ರೇಡಿಯೋದಲ್ಲಿ ಮಾತಾಡಿ, ಮರುದಿನ ಬೆಳಿಗ್ಗೆ ಮೊದಲನೆಯದಾಗಿ ಅವರಿಗೆ ಜಾಗ ಮಾಡಿಸಿ ಹೊರಟುಹೋದ. ಆಕೆ ವಾಕರ್ ತಿರುಗಿಸಿಕೊಂಡು ಒಳಗೆ ಹೋದರು.

ಒಂದು ದಿನ ತಪ್ಪಿದರೆ ಏನಾದೀತು ಎಂದು ನಾನಂದುಕೊಂಡಿದ್ದೆ. ಸುಶೀಲೆ ಅವರಿಗೆ ಕಾಫಿ ತೆಗೆದುಕೊಂಡು ಹೋದವಳು ತುಂಬಿದ ಲೋಟವನ್ನೇ ವಾಪಸು ತಂದಳು. “ಕೈ ಬೆಚ್ಚಗೆ ಮಾಡಿಕೊಂಡು ಕೊಟ್ಟುಬಿಟ್ರು. ಮೈಯಲ್ಲಿ ಆಗ್ಲೇ ನೀರು ತುಂಬಿದೆ, ಚಪ್ಪಲಿ ಕಾಲಿಗೆ ಹಿಡೀತಿಲ್ಲ. ನಾಳೆವರೆಗೆ ಅರ್ಧ ಲೋಟ ನೀರಂತೆ, ಅಷ್ಟೇ. ನಾಳೆನೂ ತಪ್ಪಿದ್ರೆ ಉಸಿರಾಡೋಕೇ ಆಗಲ್ವಂತೆ.” ಆಮೇಲೆ ಲೋಟವನ್ನು ಸಿಂಕಿಗೆ ಬಗ್ಗಿಸುತ್ತ, “ನೀವು ಉಳಿಸಿದ್ರಲ್ಲ ಅರ್ಧ ಶ್ರಮ, ಅದು ಇಲ್ಲಿ ಖರ್ಚಾಯ್ತು,” ಎಂದಳು.

ಆಫೀಸಿಗೆ ಫೋನ್ ಮಾಡಿ ರಜೆ ಹಾಕಿದೆ. ಪುಕ್ಕಟೆ ಬಂದಿದ್ದ ಹಾರೆ ಹಿಡಿದು ಮೂಲೆಗೆ ಇಳಿದೆ. ಗುಡ್ಡೆಯನ್ನು ನೆತ್ತಿಯಿಂದ ಕುಟ್ಟಬೇಡಿ. ಬುಡದಲ್ಲಿ ನೆಲಕ್ಕೂ ಹಿಮಗಡ್ಡೆಗೂ ನಡುವೆ ಸಂದಿ ಹುಡುಕಿ ಮೀಟಿ, ಹಲಗೆ ಹಲಗೆಯಾಗಿ ಏಳುತ್ತದೆ. ಇದು ಗೊತ್ತಾಗಲು ನನಗೆ ಎರಡು ಗಂಟೆ ಹಿಡಿಯಿತು. ಎದ್ದ ಹಲಗೆಗಳನ್ನು ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿ, ಹಗ್ಗ ಕಟ್ಟಿ ಎಳೆದು ನಮ್ಮ ಹಿತ್ತಲಿಗೆ ಸುರಿದೆ. ಸಂಜೆಯ ಹೊತ್ತಿಗೆ ಎರಡಡಿ ಅಗಲದ ದಾರಿಯಾಗಿತ್ತು. ವಾಕರಿನ ಅಳತೆ ತೆಗೆದುಕೊಳ್ಳಲು ಕಾರ್ಮೆನ್ ಮನೆಗೆ ಹೋದೆ. ಆಕೆ ಕಾಲನ್ನು ಸ್ಟೂಲಿನ ಮೇಲಿಟ್ಟು ಕಿಟಕಿಯ ಪಕ್ಕ ಕೂತಿದ್ದರು. ತುಟಿ ಒಣಗಿತ್ತು.

“ನಿನ್ನೆ ಇಡೀ ದಿನ ಇಲ್ಲೇ ಕೂತಿದ್ದೆ, ಮಿಸ್ಟರ್,” ಎಂದರು. “ಪ್ಲೌ ಬರಲೇ ಇಲ್ಲ.”

“ಗೊತ್ತು,” ಎಂದೆ. ಬಗ್ಗಿ ವಾಕರಿಗೆ ಟೇಪು ಹಿಡಿದೆ.

“ಹಾಗಾದ್ರೆ ಅದು ಬರೋದು ಇನ್ನೂ ಬಾಕಿ ಇದೆ. ನೋಡ್ಕೊ.”

ಅವರೆಂದಂತೆಯೇ ಬುಧವಾರ ನಸುಕಿನಲ್ಲಿ ಪ್ಲೌ ಬಂತು, ದಾರಿಯ ಬಾಯಿಗೆ ಮೊಣಕಾಲೆತ್ತರ ಹಿಮ ತಳ್ಳಿ ಹೋಯಿತು. ಈ ಸಲ ಅದು ಗಟ್ಟಿಯಾಗುವ ಮೊದಲೇ ನಾನು ಅಲ್ಲಿದ್ದೆ. ವ್ಯಾನ್ ಬರುವಷ್ಟರಲ್ಲಿ ದಾರಿ ಮೂರಡಿಗಿಂತ ಹೆಚ್ಚೇ ಅಗಲವಿತ್ತು, ಮೇಲೆ ಉಪ್ಪು, ಮರಳು. ಕಾರ್ಮೆನ್ ನಿಧಾನವಾಗಿ ಬಂದರು. ಊದಿದ ಕಾಲಿಗೆ ಸುಶೀಲೆ ನನ್ನ ರಬ್ಬರ್ ಬೂಟು ತೊಡಿಸಿದ್ದಳು.

“ಇಷ್ಟು ಅಗಲ ಯಾಕೆ? ನಾನು ಅಷ್ಟು ದಪ್ಪ ಇದೀನಾ?” ಎಂದು ನನ್ನನ್ನು ದಾಟಿ ಹೋಗಿ ವ್ಯಾನ್ ಹತ್ತಿದರು.

ಡ್ರೈವರ್ ಬಾಗಿಲು ಹಾಕುತ್ತ, “ಇವತ್ತು ಪ್ಲೌ ಒಳ್ಳೆ ಕೆಲಸ ಮಾಡಿದೆ,” ಎಂದ.

“ಪ್ಲೌ ಅಲ್ಲ. ಎರಡು ದಿನವೂ ನಾನೇ,” ಎಂದೆ.

ಅವನು ನನ್ನ ಕೈಯಲ್ಲಿದ್ದ ಹಾರೆ ನೋಡಿದ, ತಲೆಯಾಡಿಸಿದ, ಹೋದ.

ಕಾರ್ಮೆನ್ ಆಮೇಲೆ ಇನ್ನೂ ನಾಲ್ಕು ಚಳಿಗಾಲ ಆ ಮೂಲೆ ದಾಟಿದರು. ನಮ್ಮವರು ಈಗಲೂ ಮನೆ ಕೊಳ್ಳುವ ಮುಂಚೆ ನನ್ನ ಸಲಹೆ ಕೇಳುತ್ತಾರೆ. ಎಲ್ಲರಿಗೂ ಹೇಳುತ್ತೇನೆ: ಮನೆಯನ್ನು ಮೇ ತಿಂಗಳಲ್ಲಿ ನೋಡಬೇಡಿ, ಫೆಬ್ರವರಿಯಲ್ಲಿ ನೋಡಿ. ಅಡಿಗೆಮನೆ ಆಮೇಲೆ. ಮೊದಲು ಹಿಮ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ನಡೆಯುತ್ತಾರೆ ನೋಡಿ.

ಕಾಫಿ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಪ್ಲೌ ಸದ್ದಾಯಿತು. ಎದ್ದು ಕೋಟು ಹಾಕಿಕೊಂಡೆ.

“ರೀ, ನಮ್ಮ ಮೆಟ್ಟಿಲೇ ಇನ್ನೂ ಹೂತುಕೊಂಡಿದೆ,” ಎಂದಳು ಸುಶೀಲೆ. “ಮುಂಬಾಗಿಲು ತೆಗೆಯೋಕಾಗ್ತಿಲ್ಲ. ಪೋಸ್ಟಿನವನು ಹೇಗೆ ಬರ್ತಾನೆ?”

“ಅವನೂ ಮೂಲೆ ದಾಟಿಯೇ ತಾನೆ ಬರ್ಬೇಕು,” ಎಂದು ಹಿತ್ತಲ ಬಾಗಿಲಿನಿಂದ ಹೊರಟೆ.